ಕಫದ ಡಬ್ಬಿ

ಮಂಡಕ್ಕಿ ಬೆಳ್ಳಗಿರಬೇಕು, ಇಲ್ಲಾಂದ್ರೆ
ಸಂಜೆ ಮಿರ್ಚಿ ಜೊತೆ ಯಾರೂ ಕೊಳ್ಳಲ್ಲ.
ಖಾಸಿಂಬಿಯ ಕಫ ಕರ್ರಗೆ ಬರ್ತದೆ.
ಹಳೇ ಟೈರು ಉರಿಸೋ ಭಟ್ಟಿಯ ಬಾಯಲ್ಲಿ ಕೂತು
ಇಪ್ಪತ್ತೆರಡು ವರ್ಷ ಬಿಸಿ ಮರಳಲ್ಲಿ ಅಕ್ಕಿ ಹುರಿದವಳು.
ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಚಾ ಕುಡಿಯೋ ಮೊದಲು
ಇದರಲ್ಲಿ ಉಗುಳು ಅಂತ ಡಬ್ಬಿ ಕೊಟ್ಟೆ.
ಮುಚ್ಚಳ ತಿರುಗಿಸೋಕೆ ಅವಳ ಬೆರಳು ಬಗ್ಗಲಿಲ್ಲ.
ನಾನೇ ತಿರುಗಿಸಿದೆ.

ನಾನು ತಿಪ್ಪಕ್ಕ, ಈ ಓಣಿಯ ಆಶಾ.
ನಮ್ಮವ್ವ ಇದೇ ಊರಿನ ಚರಂಡಿ ಬಳಿದು ಬಳಿದು ಸತ್ತಳು,
ಅವಳ ಕೆಮ್ಮು ಯಾವ ರಿಜಿಸ್ಟರಲ್ಲೂ ಇಲ್ಲ.

ರೈಲ್ವೆ ಗೇಟು ದಾಟಿದರೆ ಬೇರೆ ದಾವಣಗೆರೆ.
ಪೋಲಿಯೋ ಭಾನುವಾರ ಅಲ್ಲಿಗೂ ಡ್ಯೂಟಿ ಹಾಕಿದ್ರು.
ಒಬ್ಬ ತಾಯಿ ನನ್ನ ಹೆಸರು ಕೇಳಿದಳು, ಆಮೇಲೆ ಓಣಿ ಕೇಳಿದಳು,
ಮಗುವಿನ ಗಲ್ಲ ತಾನೇ ಹಿಡಿದು
"ಮುಟ್ಟಬೇಡಿ, ಮೇಲಿಂದ ಬಿಡಿ" ಅಂದಳು.
ಬಿಟ್ಟೆ, ಎರಡು ಹನಿ.
ಕಿರುಬೆರಳಿಗೆ ಶಾಯಿ ಹಚ್ಚೋವಾಗ ಮುಟ್ಟಲೇಬೇಕಾಯ್ತು.
ಆ ಕೂಸು ನನ್ನ ಹೆಬ್ಬೆರಳು ಹಿಡಿದಿದ್ದು
ಬಿಡಲೇ ಇಲ್ಲ ಕಣ್ರಿ.

ಎಲೆಕ್ಷನ್ನು ಬಂತು. ಬೂತಿನ ಹುಡುಗ ಕೊಟ್ರೇಶಿ ಬಾಗಿಲಲ್ಲಿ:
"ಅಕ್ಕಾ, ನಿಮ್ಮ ಪುಸ್ತಕ ಒಂದಿನ ಕೊಡ್ರಿ,
ನಮ್ಮ ಪಟ್ಟೀಲಿ ಸತ್ತೋರೂ ಇನ್ನೂ ಇದಾರೆ."
ಅವನದರಲ್ಲಿ ಮನೆಗೆ ಇಷ್ಟು ಓಟು.
ನನ್ನದರಲ್ಲಿ ಮನೆಗೆ ಇಷ್ಟು ಕೆಮ್ಮು,
ಯಾರಿಗೆ ಎಷ್ಟನೇ ತಿಂಗಳು, ಯಾರ ರಕ್ತ ತೆಳು,
ಯಾರು ಅತ್ತೆಗೆ ಕಾಣದಂಗೆ
ಅಕ್ಕಿ ಡಬ್ಬೀಲಿ ಮಾತ್ರೆ ಹೂತಿಟ್ಟಾಳೆ.
ಕೊಡಲ್ಲ ಅಂದೆ.
"ನಿಮ್ಮವ್ವ ಹೆಂಗಿದಾಳೆ?" ಅಂದೆ.
ಅವನು ಚಪ್ಪಲಿ ನೋಡ್ಕೊಂಡು ನಿಂತ.
ರಾತ್ರಿಯೆಲ್ಲ ಕೂತೇ ಇರ್ತಾಳಂತೆ, ಮಲಗಿದ್ರೆ ಉಸಿರಿಲ್ಲ.
ಒಂದು ಡಬ್ಬಿ ಕೊಟ್ಟೆ.
ಕರಪತ್ರ ಇದ್ದ ಜೇಬಲ್ಲೇ ತುರುಕಿಕೊಂಡ.

ಆವತ್ತು ಸಂಜೆ ಹೊಟ್ಟಿನ ಚೀಲದ ಮೇಲೆ ಹನ್ನೊಂದು ಜನ ಹೆಂಗಸರು.
ಖಾಸಿಂಬಿ ಹತ್ತಿರ ಸೋಮವಾರ ಯಾರು ಮಲಗೋದು, ಮಂಗಳವಾರ ಯಾರು.
ಅಷ್ಟು ಬೇಗ ಮುಗೀತು.
ಟೈರು ಸುಡೋದು ನಿಲ್ಲಲಿ ಅಂತ ಕಾರ್ಪೊರೇಷನ್ನಿಗೆ ಬರೆಯೋಣ ಅಂದೆ,
ಜಗಳ ಹತ್ತಿತು.
"ಭಟ್ಟಿ ಆರಿದ್ರೆ ಒಲೆ ನೀನು ಹಚ್ಚಿ ಕೊಡ್ತೀಯಾ?" ಅಂತ ಶಹನಾಜ್.
ಅವಳ ಮಾತಲ್ಲಿ ತಪ್ಪಿಲ್ಲ.
ಸೌದೆಯ ದುಡ್ಡು ಮಾಲೀಕ ಕೊಡಲಿ ಅಂದಳು ಓಬಳಮ್ಮ,
ಗೇಟಿನ ಈ ಕಡೆ ಒಂದು ಎಕ್ಸ್‌ರೇ ಮಷೀನು ಬರಲಿ ಅಂದರು ಯಾರೋ.
"ಇದೆಲ್ಲ ರಾಜಕೀಯ, ನಮಗ್ಯಾಕೆ" ಅಂದವಳೇ
ಮಂಗಳವಾರ ನಾನು ಮಲಗ್ತೀನಿ ಅಂತ ಮೊದಲು ಕೈ ಎತ್ತಿದ್ದಳು.
ಅರ್ಜಿಯ ಮೊದಲ ಸಾಲು ಇನ್ನೂ ಬರೆದಿಲ್ಲ.

ಇವತ್ತು ಹತ್ತಕ್ಕೆ ಮೊದಲು ಲ್ಯಾಬು ಮುಟ್ಟಬೇಕು.
ಗೇಟು ಬಿದ್ದಿದೆ.
ಗೂಡ್ಸು ಗಾಡಿ, ಡಬ್ಬ ಡಬ್ಬ ಡಬ್ಬ, ಐವತ್ತರ ಮೇಲೆ ಲೆಕ್ಕ ತಪ್ಪಿತು.
ಪಕ್ಕದಲ್ಲಿ ಒಂದು ಬೈಕು ಬಂದು ನಿಂತಿತು.
ಕೊಟ್ರೇಶಿ. ಹ್ಯಾಂಡಲ್ಲು ಒಂದೇ ಕೈಯಲ್ಲಿ.
ಇನ್ನೊಂದು ಕೈಯಲ್ಲಿ, ಚೆಲ್ಲೀತು ಅನ್ನೋ ಥರ
ಅವರವ್ವನ ಡಬ್ಬಿ.