ಮಣ್ಣಿನ ಅಳತಿ

ನೆಟ್ಟಗ ಹೋಗೂವಾಗ ಸಪ್ಪಳ ಇಲ್ಲ.
ಹೊರಳಿಸಿದಾಗಷ್ಟ,
ಅದೂ ಪೂರಾ ಹೊರಳಿಸಿದಾಗ,
ಒಳಗೆಲ್ಲೋ ಯಾರೋ ಗೋಣಿಚೀಲ ಹರದಂಗ
ಖರ್ರ್.

ಮೂರಿಂಚು ಎತ್ತರಿಸೇನಿ, ಮಾಬೂಸಾಬ್ರ,
ಹೊಸಾ ಪಾಟಾ, ಹೊಸಾ ಶಾಕಪ್,
ಮೂವತ್ತೆರಡರ ಟೈರು.
ಕಪ್ಪತಗುಡ್ಡದ ಗಾಳಿಯಂತ್ರಕ್ಕ ದಿನಾ ಏರಬೇಕು ನಾ,
ಮಳಿ ಬಿದ್ದರ ಎರಿ ಹೊಲದ ದಾರಿ
ಸಣ್ಣ ಗಾಲಿನ್ನ ಹಿಟ್ಟಿನಂಗ ನಾದಿ ಬಿಡತೈತಿ.
ಇಷ್ಟು ಎತ್ತರಿಸಿದ ಮ್ಯಾಲೂ ಯಾಕ ತಿಕ್ಕತೈತಿ?

ಮುಂಡರಗಿ ರಸ್ತೆದ ತಗಡಿನ ಶೆಡ್ಡಿನ್ಯಾಗ
ಮಾಬೂಸಾಬ ಮಾತಾಡಲಿಲ್ಲ.
ಬಶಿಯೊಳಗಿನ ಚಹಾ ಮುಗಿಸಿದ.
ಕುಕ್ಕರಗಾಲಿಲೆ ಕುಂತು
ಗಾಲಿಗೂ ಮಡ್‌ಗಾರ್ಡಿಗೂ ನಡುವ
ನಾಲ್ಕು ಬೆರಳು ತೂರಿಸಿದ, ತಗದ.
‘ನಿಂತ ಗಾಡಿಗೆ ಎಲ್ಲಾರೂ ಜಾಗಾ ಬಿಡತಾರ.
ಹತ್ತಿಸಿ ನೋಡೂಣ.’

ರೈಲಿನ ಹಳೇ ಮರದ ಸ್ಲೀಪರು ಎರಡು, ಒಂದರ ಮ್ಯಾಲೊಂದು.
ಎಡಗಾಲಿ ಹತ್ತಿತು.
ನಾ ರೊಕ್ಕ ಕೊಟ್ಟ ಮೂರಿಂಚು
ಹೆಂಗ ಬಂದಿತ್ತೋ ಹಂಗ ಹೋತು,
ಟೈರು ತಗಡಿನ ಹೊಟ್ಟಿಯೊಳಗ ಮಾರಿ ಮುಚಗೊಂಡಿತ್ತು.

‘ಫಕ್ಕೀರಾ, ನಿಮ್ಮ ಮನ್ಯಾಗ ಮಣ್ಣೆತ್ತು ಮಾಡಿ ಉಳಿದ ಮಣ್ಣು ಐತೇನ?’
ಹುಡುಗ ಓಡಿ ತಂದ,
ಹಸೀ ಅರಿವ್ಯಾಗ ಸುತ್ತಿದ್ದು,
ಇನ್ನೂ ಮೆತ್ತಗ, ಒಂದು ಮುರಿದ ಕೋಡು ಅದರಾಗನ ಇತ್ತು.
ಗಾಡಿ ಇಳಿಸಿದಿವಿ.
ಎತ್ತಿನ ಡುಬ್ಬಕ್ಕ ಒತ್ತೂವಂಗ
ಮಡ್‌ಗಾರ್ಡಿನ ಒಳಮೈಗೆ, ಪಾಟಾದ ಮಗ್ಗಲಿಗೆ
ಒತ್ತಿ ಒತ್ತಿ ಹಚ್ಚಿದ.
‘ಈಗ ಹತ್ತಿಸ್ರಿ. ಎಡಕ್ಕ ಪೂರಾ. ಬಲಕ್ಕ.
ಮತ್ತ ಎಡಕ್ಕ. ಇಳೀರಿ.’

ಮಣ್ಣಿನ್ಯಾಗ ಟೈರಿನ ಹಲ್ಲು ಮೂಡಿದ್ದವು,
ರೊಟ್ಟಿ ಕಚ್ಚಿಟ್ಟಂಗ.
ಒಂದು ಕಡೆ ಬೆರಳ ದಪ್ಪ ಉಳದಿತ್ತು,
ಒಂದು ಕಡೆ ಹಾಳಿಯಷ್ಟು.
ಕೆಳಗಿನ ಮೂಲ್ಯಾಗ ಮಣ್ಣ ಇಲ್ಲ,
ತಗಡು ಬೆಳ್ಳಗ ಮಿಂಚತಿತ್ತು.
ಟಾರ್ಚ್ ಹಿಡದು ಬಾಳೊತ್ತು ನೋಡಿದ,
ಕೈಬರಹ ತಿಳೀದ ಪತ್ರ ಓದೂವಂಗ.

ದಪ್ಪ ಸ್ಪೇಸರ್ ಹಾಕ್ರಲ್ಲ, ಅಂದೆ.
ತೆಳ್ಳಂದ ಹಾಕಿದ.
‘ಒಳಗಿನವರ ಜೋಡಿ ಜಗಳ ಅಂತ
ಭಾಳ ಹೊರಗ ಸರದರ
ಹೊರಗಿನ ತಗಡು ಕಾಯಕೋತ ಕುಂತಿರತೈತಿ, ಸಾಹೇಬ್ರ.’
ಮೂಲಿ ಕೊರದ. ಕಿಡಿ ಹಾರಿ ಫಕ್ಕೀರನ ಚಪ್ಪಲ್ಯಾಗ ಬಿದ್ದವು.
ಕೊರದ ಅಂಚು ಹಂಗ ಬಿಡಲಿಲ್ಲ,
ಸುತ್ತಿಗಿಲೆ ಒಳಗ ಮಡಚಿದ,
ಹೆಬ್ಬೆರಳು ಆಡಿಸಿ ನೋಡಿದ, ಮತ್ತ ಮಡಚಿದ.
ಬಂಪ್ ಸ್ಟಾಪಿನ ರಬ್ಬರಿಗೆ ಒಂದು ತುಂಡು ಕೂಡಿಸಿದ.

ಕಡೀಕ ಒಂದು ಬೋಲ್ಟು.
ಸ್ಟೇರಿಂಗು ಎಲ್ಲೀತನಕ ಹೊರಳಬೇಕು
ಅನ್ನೂದು ಆ ಒಂದು ಬೋಲ್ಟಿನ್ಯಾಗ ಇತ್ತಂತ, ನನಗ ಗೊತ್ತಿರಲಿಲ್ಲ.
ಎರಡು ಸುತ್ತು ಹೊರಗ ತಗದು ನಟ್ಟು ಬಿಗದ.
‘ಇಷ್ಟು ನಿಮ್ಮದು ಹೋತು.
ಒಂದ ಸಲಕ್ಕ ಹೊರಳದಿದ್ದರ
ಹಿಂದ ಬಂದು ಹೊರಳ್ರಿ. ಸಿಟ್ಟಾಗಬ್ಯಾಡ್ರಿ.
ಮತ್ತ ಮೀಟರು ನಂಬಬ್ಯಾಡ್ರಿ,
ಐವತ್ತು ಅಂದರ ಐವತ್ತೈದು ಅಂತ ತಿಳೀರಿ.’

ಮರುದಿನ ಗುಡ್ಡದಾಗ
ಎಡಗಾಲಿ ಬಂಡಿ ಮ್ಯಾಲೆ, ಸ್ಟೇರಿಂಗು ಪೂರಾ,
ಉಸುರು ಹಿಡದು ಕೇಳಿದೆ.
ತಲಿ ಮ್ಯಾಲೆ ರೆಕ್ಕಿ ತಿರುಗೂ ಸಪ್ಪಳಷ್ಟ.
ಅದಕ್ಕೂ ಕಂಬಕ್ಕೂ ನಡುವ ಎಷ್ಟು ಸಂದು ಬಿಟ್ಟಾರೋ,
ಏಳು ವರ್ಷ ಅದರ ಕೆಳಗ ದುಡದರೂ
ಒಂದು ದಿನ ಕೇಳಿರಲಿಲ್ಲ.

ಸಂಜಿಗೆ ಬೆಟಗೇರಿ.
ನಮ್ಮ ಓಣಿ ಮೂಲ್ಯಾಗ ಒಂದ ಪಟ್ಟಿಗೆ ಹೊರಳತಿದ್ದ ಗಾಡಿ
ಮುಂದ, ಹಿಂದ, ಮತ್ತ ಮುಂದ.
ಗುಣಿಮಗ್ಗದಾಗ ಕುಂತ ನೀಲವ್ವ
ಲಾಳಿ ಕೈಯಾಗ ಹಿಡದ ಕಿಡಕ್ಯಾಗ ಇಣಿಕಿದಳು.
ಬೈತಾಳಂತ ಮಾಡಿದ್ದೆ.
‘ಬರ್ಲಿ,’ ಅಂದಳು, ‘ಬರ್ಲಿ, ಬರ್ಲಿ, ಬರ್ಲಿ...
ಸಾಕ್ ಸಾಕ್.
ಕಟ್ಟಿಗೆ ಒಂದು ಬೆರಳು ಐತಿ.’