ಅಕ್ಷರಕ್ಕೆ ಇನ್ನೂರು ನೈರಾ

ಬಾರಿಗಾದ ಗೋಡೆಗಳಲ್ಲಿ ಅರ್ಧ ನನ್ನ ಕೈಬರಹ.
ಮುಫುತಾವು ಅಂದರೆ ಒಂದು ಡಬ್ಬಿ ಕೆಂಪು, ಎರಡು ಕುಂಚ,
ಒಂದೇ ಒಂದು ವಾಕ್ಯ:
ಈ ಮನೆ ಮಾರಾಟಕ್ಕಿಲ್ಲ.
ಇಂಗ್ಲಿಷಿನಲ್ಲಿ ಇಪ್ಪತ್ತೊಂದು ಅಕ್ಷರ, ಅಕ್ಷರಕ್ಕೆ ಇನ್ನೂರು ನೈರಾ.
ಕೆಳಗೆ 'ಮೋಸಗಾರರಿದ್ದಾರೆ' ಬೇಕೆಂದರೆ
ಅದರ ರೇಟು ಬೇರೆ.

ನಗಬೇಡಿ. ಲೇಗೋಸಿನಲ್ಲಿ
ಅತ್ತೆಯ ಮಣ್ಣಿಗೆಂದು ಇಬಾದಾನಿಗೆ ಹೋದವರು
ನಾಲ್ಕನೇ ದಿನ ಬಾಗಿಲು ತಟ್ಟಿದರೆ
ಅಡುಗೆಮನೆಯಲ್ಲಿ ಇನ್ಯಾರೋ ಈರುಳ್ಳಿ ಹೆಚ್ಚುತ್ತಿರುತ್ತಾರೆ.
ಅವರ ಬಳಿಯೂ ಕ್ರಯಪತ್ರವಿದೆ. ಸಹಿ, ಸಾಕ್ಷಿ, ಮುದ್ರೆ, ಎಲ್ಲ.
ಅವರೂ ಅಳುತ್ತಾರೆ.
ಮಾರಿದವನ ಫೋನು ಮಾತ್ರ ಸ್ವಿಚ್ ಆಫ್.

ಕಾನೂನು ನಾನು ಕಲಿತದ್ದು ಏಣಿಯ ಮೇಲೆ.
ವಕೀಲೆ ಎಜಿನ್ನೆಯ ಕಾಂಪೌಂಡು ಉದ್ದ, ಅವಳ ಮಾತು ಇನ್ನೂ ಉದ್ದ;
ನಾನು ಮೇಲೆ, ಅವಳು ಕೆಳಗೆ ಹುರಿದ ಬಾಳೆಕಾಯಿ ತಿನ್ನುತ್ತ:
"ತನ್ನದಲ್ಲದ್ದನ್ನು ಯಾರೂ ಕೊಡಲಾರರು, ಮುಫುತಾವು.
ಕಳ್ಳನಿಂದ ಕೊಂಡವನು
ಕೊಂಡದ್ದು ಕಳ್ಳನ ರಸೀದಿಯನ್ನು.
ಮನೆತನದ ನೆಲ ಗೊತ್ತಲ್ಲ?
ಯಜಮಾನನನ್ನು ಬಿಟ್ಟು ಮಕ್ಕಳು ಮಾರಿದರೆ
ಆ ಮಾರಾಟ ಹುಟ್ಟಲೇ ಇಲ್ಲ.
ಮಕ್ಕಳನ್ನು ಕೇಳದೆ ಯಜಮಾನ ಮಾರಿದರೆ
ಹುಟ್ಟಿದೆ, ಆದರೆ ಕೊಲ್ಲಬಹುದು,
ಬೇಗ ಕೋರ್ಟಿಗೆ ಹೋದರೆ."
"ಇನ್ನು ನೆಲ ಯಾರದ್ದು ಅಕ್ಕಾ?"
"ಬುಡದಲ್ಲಿ ಗವರ್ನರನ ಕೈಯಲ್ಲಿ.
ನಿನಗೆ ತೊಂಬತ್ತೊಂಬತ್ತು ವರ್ಷ, ಕೊಟ್ಟರೆ.
ಆ ಎಸ್ ಸ್ವಲ್ಪ ವಾಲಿದೆ ನೋಡು."

ವಾಲಿತ್ತು. ತಿದ್ದಿದೆ.

ಈಗ ಒಂದು ತಪ್ಪೊಪ್ಪಿಗೆ.
ಮೊರೆನಿಕೆಯ ತಾಯಿ ಗಂಡನಿಲ್ಲದವಳು, ಮೀನು ಸುಡುವವಳು,
ಮುಂಗಡವಾಗಿ ಪೂರಾ ಹಣ ಎಣಿಸಿಕೊಟ್ಟವಳು.
ಆ ತಿಂಗಳು ನನಗೆ ಕಷ್ಟವಿತ್ತು,
ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿದೆ.
ಜುಲೈ ಮಳೆ ಅವಳ ಗೋಡೆಗೆ ಬಂದು
ಎಲ್ಲ ಬಿಟ್ಟು, ಚಾವಣಿಯ ಸೋರುವ ಮೂಲೆಯ ನೇರಕ್ಕಿದ್ದ
'ನಾಟ್' ಎಂಬ ಮೂರಕ್ಷರವನ್ನಷ್ಟೇ ತೊಳೆದುಕೊಂಡು ಹೋಯಿತು.

ಉಳಿದ ವಾಕ್ಯ ಸ್ಪಷ್ಟವಾಗಿತ್ತು. ನನ್ನ ಅಕ್ಷರ ಚೆಂದ.
ವಾರದೊಳಗೆ ಮೂವರು ಬಂದರು.
ಒಬ್ಬ ಅಂಗಳ ಅಳೆದ, ಒಬ್ಬ ನಲ್ಲಿ ತಿರುಗಿಸಿ ನೋಡಿದ,
ಮೂರನೆಯವನು ಅವಳ ಮೈದುನನ ಮಗನಿಗೆ
ಹೋಟೆಲಿನಲ್ಲಿ ಮುಂಗಡ ಕೊಟ್ಟ.
ಕೇಸು ಇನ್ನೂ ಇದೆ. ಆರು ವರ್ಷ.
ನ್ಯಾಯಾಧೀಶರು ಗೋಡೆಯನ್ನು ಸಾಕ್ಷಿಯೆಂದು ಕೇಳಲಿಲ್ಲ.
ನನ್ನನ್ನೂ ಕೇಳಲಿಲ್ಲ.
ಅವಳು ಈಗಲೂ ನನಗೆ ಮೀನು ಕೊಡುತ್ತಾಳೆ, ತಲೆಯ ಭಾಗ,
ಗೊತ್ತಿದ್ದೋ ಗೊತ್ತಿಲ್ಲದೆಯೋ ಕೇಳುವ ಧೈರ್ಯ ನನಗಿಲ್ಲ.

ಅಂದಿನಿಂದ 'ನಾಟ್' ಎರಡು ಕೋಟು, ಶುದ್ಧ ಎಣ್ಣೆಬಣ್ಣ.
ಆ ಮೂರಕ್ಷರಕ್ಕೆ ದುಡ್ಡು ಮುಟ್ಟುವುದಿಲ್ಲ.

ಹೋದ ವರ್ಷ ನಾನೂ ಕೊಂಡೆ, ಇಕೊರೊಡುವಿನಲ್ಲಿ ಅರ್ಧ ನಿವೇಶನ.
ಎಜಿನ್ನೆ ಹೇಳಿದಂತೆ ಎಲ್ಲ ಮಾಡಿದೆ:
ಅಲಾವುಸಾದ ಕಚೇರಿಯಲ್ಲಿ ಎರಡು ದಿನ ಬೆಂಚು ಸವೆಸಿ
ಮೂಲಪತ್ರ ಹುಡುಕಿಸಿದೆ, ಋಣಭಾರವಿಲ್ಲ ಅಂದರು;
ಯಜಮಾನನ ಸಹಿ, ಐವರು ಮಕ್ಕಳ ಸಹಿ,
ಒಬ್ಬ ಅಜ್ಜಿಯ ಹೆಬ್ಬೆಟ್ಟು, ನೀಲಿ, ಒದ್ದೆ.
ಚಕ್ಕುಬಂದಿ ಓದಿದರು:
ಮೂಡಲಿಗೆ ಚರಂಡಿ, ಪಡುವಲಿಗೆ ಪಾದ್ರಿಯ ಜಾಗ,
ಬಡಗಲಿಗೆ ರಸ್ತೆ (ಬರಲಿರುವುದು), ತೆಂಕಲಿಗೆ ಗೊತ್ತಿಲ್ಲ.
ಆ 'ಗೊತ್ತಿಲ್ಲ'ವನ್ನು ತಿದ್ದಿಸುವವರೆಗೂ
ನಾನು ಬ್ಯಾಗಿನ ಜಿಪ್ಪು ತೆರೆಯಲಿಲ್ಲ.

ಮೊನ್ನೆ ಡಬ್ಬಿ ಹಿಡಿದು ಹೋದೆ.
ಹುಲ್ಲು, ಒಂದು ಮೇಕೆ, ಮೂಲೆಗೊಂದು ಸರ್ವೆ ಕಲ್ಲು.
ಊರಿಗೆಲ್ಲ ಬರೆದವನಿಗೆ
ಬರೆಯಲು ಗೋಡೆಯಿಲ್ಲ.
ಕಲ್ಲಿನ ಮೇಲೆ, ನಂಬರಿನ ಪಕ್ಕ,
ಜಾಗವಿದ್ದದ್ದು ಮೂರಕ್ಷರಕ್ಕೆ.

ಕೂತು, ಎರಡು ಕೋಟು ಬಳಿದೆ.
ಮೇಕೆ ಮೂಸಿ ನೋಡಿತು.