ಒಕ್ಕಣೆ

ನಮ್ಮ ಕಡೆ ಒಕ್ಕಣೆ ಎಂದರೆ ಎರಡು:
ಕಣದಲ್ಲಿ ಭತ್ತದ್ದು, ಕಾಗದದಲ್ಲಿ ಮಾತಿನದು.
ಪಾಂಡವಪುರದ ಈ ಅಕ್ಕಿ ಗಿರಣಿಗೆ
ಮೊದಲನೆಯದು ಮುಗಿದು ಮೂಟೆಯಲ್ಲಿ ಬರುತ್ತದೆ,
ಎರಡನೆಯದಕ್ಕೆ ನಾನಿದ್ದೇನೆ.
ಹತ್ತೊಂಬತ್ತು ವರ್ಷದ ರೈಟರ್ ಕೆಲಸ.
ಮೇಜಿನ ಮೇಲೆ ತೌಡಿನ ಧೂಳು,
ಬೆರಳಿಟ್ಟರೆ ಬೆರಳಿನ ಗುರುತು.

ಹಳೇ ರೈಟರ್ ತಮ್ಮಣ್ಣಯ್ಯ ಹೇಳಿಕೊಟ್ಟದ್ದು:
'ಒಕ್ಕೋದು ಅಂದ್ರೆ ಬಡಿಯೋದಲ್ಲ ಮಗಳೆ, ಬೇರೆ ಮಾಡೋದು.
ಗಾಳಿ ಯಾವ ಕಡೆಗೈತೆ ನೋಡ್ಕೊಂಡು ಮೊರ ಎತ್ತು.'

ಸಾಹುಕಾರರು ಹೊಸ ಫೋನು ಕೊಂಡ ಮೇಲೆ
ಎಲ್ಲಕ್ಕೂ ಒಂದೇ ಜರಡಿ.
'ಮೆಸೇಜ್ ಹಾಕ್ಬುಡಿ ವನಜಮ್ಮ' ಎನ್ನುತ್ತಾರೆ,
ಲಾರಿ ತಡವಾದರೂ, ಮೋಟರು ಸುಟ್ಟರೂ,
ಮನುಷ್ಯರು ಬೇಡವಾದರೂ.

ಹಾಕುತ್ತೇನೆ, ಹಾಕಬೇಕಾದ್ದನ್ನು.
'ಗಾಡಿ ಶ್ರೀರಂಗಪಟ್ಟಣ ದಾಟಿದೆ, ಹನ್ನೊಂದಕ್ಕೆ ಗೇಟು ತೆಗೆಸಿ.'
ಇಂಥದ್ದಕ್ಕೆ ಕಾಗದ ಬರೆದರೆ
ಅದು ತಲುಪುವ ಹೊತ್ತಿಗೆ ಅಕ್ಕಿ ಅನ್ನವಾಗಿರುತ್ತದೆ.

ಕಾಸರಗೋಡಿನ ಅಬೂಬಕ್ಕರ್ ಅವರದು ಬೇರೆ.
ನಲವತ್ತು ಮೂಟೆ ಮುಗ್ಗಲು ಎಂದು
ಅವರು ಫೋನಿನಲ್ಲಿ ಕೂಗಿದ್ದಕ್ಕೆ
ಇವರೂ ಫೋನಿನಲ್ಲಿ ಕೂಗಿದರು.
ಆ ಕನ್ನಡ ಈ ಕನ್ನಡ ಡಿಕ್ಕಿ ಹೊಡೆದು
ತೊಯ್ದದ್ದು ಅಕ್ಕಿಯೊಂದೇ ಅಲ್ಲ.
ಸಂಜೆ ನಾನು ಲೆಟರ್‌ಹೆಡ್ ತೆಗೆದೆ.
ಶ್ರೀಯುತ ಎಂದೆ. ತಾರೀಕು ಹಾಕಿದೆ.
ಲಾಟಿನ ನಂಬರು, ತೇವ ಶೇಕಡಾ ಎಷ್ಟು,
ಟಾರ್ಪಾಲು ಎಲ್ಲಿ ಹರಿದಿತ್ತು,
ಎಷ್ಟು ಮೂಟೆಗೆ ನಾವು ಹೊಣೆ, ಎಷ್ಟಕ್ಕೆ ಅಲ್ಲ.
ಸಿಟ್ಟು ತೂರಿಹೋಯಿತು, ಕಾಳು ಉಳಿಯಿತು.
ಎಂಟನೆಯ ದಿನ ದುಡ್ಡು ಬಂತು,
ಜೊತೆಗೆ ಒಂದು ಡಬ್ಬ ಬಾಳೆಕಾಯಿ ಚಿಪ್ಸು.
ಆ ಕಾಗದದ ಬಗ್ಗೆ ನನಗೆ ಇವತ್ತಿಗೂ ಜಂಬ.

ಆಮೇಲೆ ಜವರಯ್ಯ.
ಹೊಸ ಬಾಯ್ಲರು ಹೊಟ್ಟನ್ನು ತಾನೇ ಎಳೆದುಕೊಳ್ಳುತ್ತದೆ,
ಸಲಿಕೆ ಹಿಡಿದವನು ಬೇಡ.
ಸಾಹುಕಾರರು ಆಗಲೇ ಕುಟ್ಟಿ ತೋರಿಸಿದರು:
'ಸೋಮವಾರದಿಂದ ಬರೋದು ಬೇಡ.'
ಕೊನೆಗೆ ಕೈ ಮುಗಿದ ಎರಡು ಗೊಂಬೆ.
'ನಿಮ್ ನಂಬರಿಂದ ಕಳ್ಸಿ. ನನ್ ಕೈಲಾಗಲ್ಲ.'

ಕಳಿಸಲಿಲ್ಲ. ಇಪ್ಪತ್ತೆರಡು ವರ್ಷದ ಬೆವರಿಗೆ
ಟಿಂಗ್ ಎನ್ನುವ ಸದ್ದು ಸಾಲದು ಅನ್ನಿಸಿತು.
ಟೀ ತಗೊಂಡು ಬೂದಿಗುಡ್ಡೆಯ ಹತ್ತಿರ ಹೋದೆ,
ಎದುರಿಗೆ ಕೂತು, ಮುಖ ನೋಡಿ, ಬಾಯಿಂದಲೇ ಹೇಳಿದೆ.
ಗಾಳಿ ನೋಡಿಕೊಂಡೇ ಮೊರ ಎತ್ತಿದ್ದೇನೆ ಎಂದುಕೊಂಡೆ.

ಜವರಯ್ಯ ಲೋಟ ಕೆಳಗಿಡಲಿಲ್ಲ.
'ಇದ ನಮ್ಮೆಂಡ್ರು ನಂಬಾಕಿಲ್ಲ ಕನವ್ವ,
ಪಿಎಫ್ ಆಪೀಸ್ನೋರೂ ನಂಬಾಕಿಲ್ಲ.
ನಿಮ್ಮೊಕವ ನಾನು ಅಲ್ಲಿಗೆ ಒತ್ಕೊಂಡೋಗಕಾಯ್ತದಾ?
ವಸಿ ಬರ್ದ್ಕೊಡಿ.'

ಬರೆದೆ, ಪೆನ್ನು ಒತ್ತಿ.
ಸೇರಿದ ದಿನ, ಬಿಟ್ಟ ದಿನ...
'ಬಿಟ್ಟ' ಹೊಡೆದು 'ಗಿರಣಿಯವರು ಬಿಡಿಸಿದ' ಎಂದು ತಿದ್ದಿದೆ.
ಬರಬೇಕಾದ ಬಾಕಿ ಅಂಕಿಯಲ್ಲೂ ಅಕ್ಷರದಲ್ಲೂ.
ಸೀಲು ಒತ್ತಿ, ಓದಿ ಹೇಳಿದೆ.

ಕಾಗದವನ್ನು ದೂರ ಹಿಡಿದು ನೋಡಿದ.
ಅವನಿಗೆ ತನ್ನ ಹೆಸರಷ್ಟೇ ಓದಲು ಬರುತ್ತದೆ.
'ಆ ಕಾಸರಗೋಡು ಸಾಯೇಬ್ರ ಕಾಗ್ದವ
ಪೋಸ್ಟಿಗೆ ಆಕ್ದೋನು ನಾನೇಯ.
ಅವ್ರೆಸರ ಮುಂದ್ಕೆ ಅದೇನೋ ಇತ್ತಲ್ಲ,
ತಲೆ ಮ್ಯಾಲೆ ಸುಳಿ ಇರೋದು.
ಅದು ನಂಗೆ ಬರಾಕಿಲ್ವಾ?'

ಶ್ರೀ.
ಒಂದೇ ಅಕ್ಷರ. ಹೊಟ್ಟಿನ ಜೊತೆ ತೂರಿಬಿಟ್ಟಿದ್ದೆ.

ಇನ್ನೊಂದು ಲೆಟರ್‌ಹೆಡ್ ಎಳೆದುಕೊಂಡೆ.
ಅಷ್ಟರಲ್ಲಿ ಫೋನು: 'ಏನಾಯ್ತು? ಕಳ್ಸಿದ್ರಾ?'
ಇಲ್ಲ, ಇನ್ನೂ ಬರೀತಾ ಇದೀನಿ ಅಂದೆ.
ಜವರಯ್ಯನವರು ಬಾಗಿಲಲ್ಲೇ ನಿಂತಿದ್ದರು,
ಕಾಗದಕ್ಕೆ ಬೂದಿ ಹತ್ತದಿರಲೆಂದು
ಕೈ ಒರೆಸಿಕೊಳ್ಳುತ್ತ.